ಪಂಪಿಗೆ ಕೀಲಿ ಕೇಳಿದ ಯಶೋಧಾ

ಯಶೋಧಾ ಸಭೆಯಲ್ಲಿ ಎದ್ದು ನಿಂತಳೆಂದರೆ ರಾಯಚೂರಿನ ದೋಆಬ್ ಎಂಜಿನಿಯರುಗಳ ಸಂಘದ ಹಿರಿಯರು ಗಡಿಯಾರ ನೋಡಲು ಶುರು ಮಾಡುತ್ತಾರೆ. ಒಬ್ಬರು ಕನ್ನಡಕ ಒರೆಸಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಅದೇ ಹೊತ್ತಿಗೆ ಫೋನ್ ಬರುತ್ತದೆ. ಅರಕೇರಾದಂಥ ಊರಿನಿಂದ ಬಂದ ಹೆಣ್ಣುಮಗಳು ತಮ್ಮ ಬರಹದಲ್ಲಿ ತಪ್ಪು ಹುಡುಕುತ್ತಾಳಲ್ಲ ಎನ್ನುವುದು ಅವರಿಗೆ ಇವತ್ತಿಗೂ ಗಂಟಲಲ್ಲಿ ಇಳಿಯದ ಸಂಗತಿ. ಬೆನ್ನ ಹಿಂದೆ ಅವಳನ್ನು ತಕರಾರಮ್ಮ ಎನ್ನುತ್ತಾರೆ. ಅದು ಅವಳ ಕಿವಿಗೂ ಬಿದ್ದಿದೆ. ಅಂದುಕೊಳ್ಳಲಿ ಎಂದು ಅವಳೂ ಬಿಟ್ಟಿದ್ದಾಳೆ. ಅವರಿಗೆ ಅವಳು ಮನಸ್ಸಿನಲ್ಲೇ ಇಟ್ಟಿರುವ ಹೆಸರುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹೊಟ್ಟೆಪಾಡಿಗೆ ಅವಳು ರಾಯಚೂರಿನ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಸಣ್ಣ ಬಾಡಿಗೆ ಮನೆ, ಒಂದು ಸ್ಕೂಟಿ, ಮೂಗಿನ ತುದಿಯಲ್ಲೇ ಇರುವ ಸಿಟ್ಟು. ಅವಳ ಅಪ್ಪ ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲೆಲ್ಲ ಓಡಾಡಿ ಪಂಪು ರಿಪೇರಿ ಮಾಡುತ್ತಿದ್ದ. ಅಪ್ಪನ ಕಸುಬು ತಮ್ಮ ಆಂಜನೇಯನಿಗೆ ಬಂತು, ಅಪ್ಪನ ಸಿಟ್ಟು ಇಬ್ಬರಿಗೂ ಬಂತು.

ಈ ಸಂಘವೆಂದರೆ ಸರ್ಕಾರವಲ್ಲ. ಅದರ ಮಾತಿಗೆ ಪೊಲೀಸರ ಬಲವೂ ಇಲ್ಲ, ಕೋರ್ಟಿನ ಬಲವೂ ಇಲ್ಲ. ಸುತ್ತಲಿನ ಜಿಲ್ಲೆಗಳ ಒಂದಷ್ಟು ಎಂಜಿನಿಯರುಗಳು ಆಗಾಗ ಸೇರಿ, ಮಿರ್ಚಿ ಮಂಡಕ್ಕಿ ತಿಂದು, ಯಾವ ಯಂತ್ರ ಹೇಗಿರಬೇಕು, ಒಂದು ಯಂತ್ರ ಇನ್ನೊಂದರ ಜೊತೆ ಯಾವ ಸಂಕೇತದಲ್ಲಿ ಮಾತಾಡಬೇಕು ಎಂದು ಬರೆದಿಡುತ್ತಾರೆ. ಅದಕ್ಕೆ ಮಾನಕ ಎಂದು ಹೆಸರು. ಯಾರೂ ಪಾಲಿಸಲೇಬೇಕು ಎಂದೇನಿಲ್ಲ. ಆದರೆ ನಾಳೆ ಯಾವುದೋ ಇಲಾಖೆ ರೈತರಿಗೆ ಸಬ್ಸಿಡಿಯಲ್ಲಿ ಪಂಪು ಚಾಲೂ ಮಾಡುವ ಸ್ಟಾರ್ಟರ್ ಕೊಡಲು ಟೆಂಡರ್ ಕರೆಯುತ್ತದೆ, ಅದರಲ್ಲಿ ‘ಸಂಘದ ಮಾನಕದ ಪ್ರಕಾರ ಇರತಕ್ಕದ್ದು’ ಎಂಬ ಒಂದು ಸಾಲು ಸೇರಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಮಿರ್ಚಿ ತಿನ್ನುತ್ತ ನಾಲ್ಕು ಜನ ಬರೆದದ್ದು ಊರೂರಿನ ಪಂಪಿನ ಮನೆಯ ಗೋಡೆಗೆ ಪೆಟ್ಟಿಗೆಯಾಗಿ ಬಂದು ಕೂರುತ್ತದೆ. ಆ ಪೆಟ್ಟಿಗೆಗೆ ಕೈ ಹಾಕುವವನನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಮೊದಲ ಕರಡು ಯಾರು ಬರೆಯುತ್ತಾರೆ? ಬಿಡುವಿರುವವರು. ಬಿಡುವು ಯಾರಿಗಿರುತ್ತದೆ? ಆ ಸಾಮಾನನ್ನೇ ತಯಾರಿಸಿ ಮಾರುವವರಿಗೆ. ಮೊಬೈಲ್ ಸ್ಟಾರ್ಟರಿನ ಕರಡು ಬರೆದದ್ದು ಪೋತ್ನಾಳದ ವಿರೂಪಣ್ಣ. ಮಾನ್ವಿ ತಾಲ್ಲೂಕಿನಲ್ಲಿ ಅವರದು ಹಳೆಯ ರೈಸ್ ಮಿಲ್ಲಿನ ಮನೆತನ. ಮಿಲ್ಲಿನ ಪಕ್ಕದ ಶೆಡ್ಡಿನಲ್ಲಿ ಇವನು ಸ್ಟಾರ್ಟರ್ ಕಟ್ಟಿಸುತ್ತಿದ್ದ. ಓದಿದ್ದು ಎಂಜಿನಿಯರಿಂಗ್, ಹಣೆ ತುಂಬ ವಿಭೂತಿ, ಮಾತು ಬೆಲ್ಲ. ಎದುರಿಗಿದ್ದವರು ಯಾರೇ ಆಗಲಿ ‘ಶರಣ್ರೀ’ ಎಂದು ಕೈ ಮುಗಿಯುತ್ತಿದ್ದ, ಆಮೇಲೆ ತನಗೆ ಬೇಕಾದ್ದನ್ನೇ ಮಾಡುತ್ತಿದ್ದ. ಅವನ ಕರಡಿನ ಪ್ರಕಾರ ನಾಳೆ ಎಲ್ಲ ಕಂಪನಿಗಳ ಸ್ಟಾರ್ಟರುಗಳೂ ಅವನ ಪೆಟ್ಟಿಗೆಯ ಸಂಕೇತದಲ್ಲೇ ಮಾತಾಡಬೇಕಿತ್ತು. ಯಶೋಧಾ ಅದನ್ನೂ ನುಂಗಿಕೊಂಡಳು. ಅವಳು ನುಂಗದಿದ್ದದ್ದು ಒಂದೇ ಒಂದು: ಆ ಕರಡಿನಲ್ಲಿ ಕೀಲಿ ಇರಲಿಲ್ಲ.

ಕೀಲಿಯ ವಿಷಯ ತಿಳಿಯಬೇಕಾದರೆ ಅರಕೇರಾದ ರೂಢಿ ತಿಳಿಯಬೇಕು. ಅಲ್ಲಿ ಕಾಲುವೆ ದಂಡೆಯ ಒಂದು ಪಂಪಿಗೆ ನಾಲ್ಕಾರು ಮನೆಗಳ ಪಾಲಿರುತ್ತದೆ. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಒಂದು ಸಿಮ್ಮು. ಅದರ ನಂಬರನ್ನು ಪಂಪಿನ ಮನೆಯ ಗೋಡೆಗೆ ಬಣ್ಣದಲ್ಲಿ ಬರೆದಿರುತ್ತಾರೆ. ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರು ಚಾಲೂ. ಪಾಲುದಾರರಲ್ಲಿ ಅರ್ಧ ಜನ ಗುಳೆ ಹೋಗಿರುತ್ತಾರೆ. ಬೆಂಗಳೂರಿನಲ್ಲಿ ಕಾಂಕ್ರೀಟು ಹೊರುತ್ತಿರುವವನ ಫೋನಿಗೆ ‘ಕರೆಂಟ್ ಬಂದಿದೆ’ ಎಂದು ಪೆಟ್ಟಿಗೆಯಿಂದ ಮೆಸೇಜ್ ಹೋಗುತ್ತದೆ, ಅವನು ಅಲ್ಲಿಂದಲೇ ಒಂದು ರಿಂಗ್ ಕೊಟ್ಟು ಅರಕೇರಾದ ಮೆಣಸಿನ ಗಿಡಕ್ಕೆ ನೀರು ಬಿಡುತ್ತಾನೆ. ಇದು ಒಳ್ಳೆಯ ಅನುಕೂಲವೇ, ಇಲ್ಲವೆಂದವರು ಯಾರು? ಆದರೆ ಪಂಪಿನಲ್ಲಿ ಯಾರಾದರೂ ಕೈ ಇಟ್ಟಿದ್ದಾರೋ ಇಲ್ಲವೋ ಎಂದು ಬೆಂಗಳೂರಿನಲ್ಲಿದ್ದವನಿಗೆ ಕಾಣುವುದಿಲ್ಲ. ಪಂಪಿನ ಬಳಿ ಲೈನು ಕಡಿಯಲು ಬೇರೆ ಸ್ವಿಚ್ಚಿರುವುದಿಲ್ಲ. ಕಂಬದ ಪೆಟ್ಟಿಗೆಯ ಫ್ಯೂಜ್ ಕಿತ್ತರೆ ಅಕ್ಕಪಕ್ಕದವರ ಪಂಪುಗಳೂ ನಿಂತು ಜಗಳವಾಗುತ್ತದೆ. ಅದಕ್ಕೆ ಅಲ್ಲಿನ ಫಿಟ್ಟರುಗಳು ಪಾಲುದಾರರಿಗೆಲ್ಲ ಫೋನ್ ಮಾಡಿ, ಕೈ ಹಾಕುತ್ತಿದ್ದೇನೆ ಎಂದು ಹೇಳಿ ಕೆಲಸ ಶುರು ಮಾಡುತ್ತಾರೆ. ಅವರ ಜೀವ ಕಾಯುವುದು ಇಷ್ಟೇ.

ಆಂಜನೇಯ ಹಾಗೆಯೇ ಮೋಟಾರಿಗೂ ಪಂಪಿಗೂ ನಡುವಿನ ಕಪ್ಲಿಂಗಿನ ಬುಶ್ ಬದಲಿಸುತ್ತಿದ್ದಾಗ ಕರೆಂಟು ಬಂತು. ಬೆಂಗಳೂರಿನಿಂದ ಯಾರೋ ರಿಂಗ್ ಕೊಟ್ಟರು. ಬಲಗೈಯ ಎರಡು ಬೆರಳು ಹೋದವು.

ಆ ಯಾರೋ ಎಂಬುವವನು ಆಂಜನೇಯನ ಹೆಂಡತಿಯ ಅಪ್ಪ, ಯಂಕೋಬ. ಮನೆ ಮುರಿಯಬಾರದೆಂದು ಎಲ್ಲರೂ ಸೇರಿ ಆ ಹೆಸರನ್ನು ಹುಗಿದುಬಿಟ್ಟರು. ಗಡಿಬಿಡಿಯಲ್ಲಿ ಕೈ ಹಾಕಿದೆ, ತಪ್ಪು ನನ್ನದೇ ಎಂದು ಆಂಜನೇಯ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಗಾಯ ಮಾಯುವಷ್ಟರಲ್ಲಿ ವಿರೂಪಣ್ಣ ದೇವದುರ್ಗದ ಬಸ್‌ ಸ್ಟ್ಯಾಂಡಿನ ಬಳಿ ಅವನಿಗೆ ತನ್ನ ಸ್ಟಾರ್ಟರಿನ ಏಜೆನ್ಸಿ ಕೊಟ್ಟ. ದೊಡ್ಡ ಮನಸ್ಸು ಎಂದರು ಜನ. ಯಶೋಧಾಳಿಗೆ ಮೈಯೆಲ್ಲ ಉರಿದುಹೋಯಿತು.

ಕರಡು ಮತಕ್ಕೆ ಬಂದಾಗ ಅವಳು ಒಪ್ಪಿಗೆ ಇಲ್ಲ ಎಂದು ಬರೆದಳು. ಪಂಪಿನ ಬಳಿ ಒಂದು ಕೀಲಿ ಇರಬೇಕು. ಅದನ್ನು ತಿರುವಿದ ಮೇಲೆ ಯಾರು ಎಲ್ಲಿಂದ ರಿಂಗ್ ಕೊಟ್ಟರೂ ಮೋಟಾರು ಅಲುಗಾಡಬಾರದು. ಕೇಳಿದ್ದು ಇಷ್ಟೇ. ಆದರೆ ಕೀಲಿ ಸೇರಿದರೆ ವಿರೂಪಣ್ಣನ ಶೆಡ್ಡಿನಲ್ಲಿ ಕಟ್ಟಿಟ್ಟಿದ್ದ ಪೆಟ್ಟಿಗೆಗಳನ್ನೆಲ್ಲ ಮತ್ತೆ ಬಿಚ್ಚಬೇಕಾಗುತ್ತಿತ್ತು. ಸಂಘದ ನಿಯಮ ಹೇಗಿತ್ತೆಂದರೆ, ಕಾರಣ ಕೊಟ್ಟು ಒಬ್ಬರು ಬೇಡವೆಂದರೂ ಅದಕ್ಕೆ ಉತ್ತರ ಕೊಡಬೇಕು. ಉತ್ತರ ಕೊಟ್ಟಮೇಲೂ ಅವರು ಜಗ್ಗದಿದ್ದರೆ ಬಹುಮತದಿಂದ ಕರಡು ಪಾಸಾಗಬಹುದು, ಆದರೆ ಆ ತಕರಾರನ್ನು ಮಾನಕದ ಜೊತೆಗೇ ಅಚ್ಚು ಹಾಕಬೇಕು. ‘ಇದರಿಂದ ಕೈ ಹೋಗಬಹುದು’ ಎಂದು ಅಚ್ಚಾದ ಸ್ಟಾರ್ಟರಿಗೆ ಯಾವ ಅಧಿಕಾರಿ ಟೆಂಡರ್ ಕೊಟ್ಟಾನು? ಅದಕ್ಕೆ ವಿರೂಪಣ್ಣನಿಗೆ ಅವಳ ಸೋಲು ಬೇಕಿರಲಿಲ್ಲ. ಅವಳು ತಾನಾಗಿಯೇ ಹಿಂದೆ ಸರಿಯಬೇಕಿತ್ತು.

ಮೊದಲು ಬಂದವರು ಸಂಘದ ಅಧ್ಯಕ್ಷ ಶಂಭುಲಿಂಗಪ್ಪ. ನಿವೃತ್ತ ಎಂಜಿನಿಯರು, ಯಾರಿಗೂ ಕೆಟ್ಟವರಾಗದೆ ಬದುಕಿದವರು. ಯಾರಿಗೂ ಉಪಯೋಗಕ್ಕೂ ಬರಲಿಲ್ಲ ಎನ್ನುವುದು ಯಶೋಧಾಳ ಅಭಿಪ್ರಾಯ.

“ಎಲ್ಲಾರೂ ಒಪ್ಯಾರವ್ವಾ. ನೀ ಒಬ್ಬಾಕಿ ಅಡ್ಡ ನಿಂತ್ರ ಹೆಂಗ? ಈ ಸಲ ವಾಪಸ್ ತಗೋ, ಮುಂದಿನ ಸಲ ನೋಡೂಣಂತ.”

“ಮುಂದಿನ ಸಲ ಅಂದ್ರ ಯಾವಾಗ್ರಿ ಸರ್? ಇನ್ನೊಬ್ಬಂದು ಕೈ ಹೋದ ಮ್ಯಾಲ?”

“ಹಂಗ್ಯಾಕ ಮಾತಾಡ್ತಿ? ಸಂಘ ಅಂದಮ್ಯಾಲ ಹೊಂದ್ಕೊಂಡು ಹೋಗಬೇಕಾಗತದ.”

“ನೀವು ಹೊಂದ್ಕೊಂಡು ಹೋಗ್ರಿ. ನನಗ ಬರಂಗಿಲ್ಲ.”

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನ ಅರಕೇರಾದಿಂದ ತಾಯಿ ರೇಣುಕಮ್ಮನ ಫೋನು.

“ಯವ್ವಾ, ಪೋತ್ನಾಳ ಸಾವ್ಕಾರ ಮನಿ ತನಕ ಬಂದಿದ್ದ. ಹಣ್ಣು ತಂದಿದ್ದ, ನನ್ನ ಕಾಲು ಮುಟ್ಟಿದ. ಅಂಥಾ ದೊಡ್ಡ ಮನಷ್ಯಾ ನಮ್ಮ ಕಟ್ಟಿಮ್ಯಾಲ ಕುಂತು ಹೋದ. ನೀ ಯಾಕ ಅವನ ಕೂಡ ಹಟಕ್ಕ ಬಿದ್ದೀದಿ? ತಮ್ಮನ ಅನ್ನದಾಗ ಮಣ್ಣು ಹಾಕಬ್ಯಾಡ ತಾಯಿ.”

“ಅವನ ಬೆರಳು ತಿಂದದ್ದು ಅದೇ ಸಾವ್ಕಾರನ ಪೆಟಿಗಿ ಬೇ ಯವ್ವಾ.”

“ಬೆರಳು ಹೋದ್ವು. ಹೊಟ್ಟಿ ಅದ ಅಲ್ಲ ಇನ್ನಾ!” ಎಂದು ರೇಣುಕಮ್ಮ ಫೋನಿಟ್ಟಳು.

ಸಿಟ್ಟಿನ ಭರದಲ್ಲೇ ಯಶೋಧಾ ದೇವದುರ್ಗದ ಬಸ್ಸು ಹತ್ತಿದಳು. ಆಂಜನೇಯ ಅಂಗಡಿಯಲ್ಲಿ ಪೆಟ್ಟಿಗೆಗಳ ನಡುವೆ ಕೂತಿದ್ದ. ಅಕ್ಕನಿಗೆ ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ.

“ಯಾಕ ಬಂದಿ?”

“ಮಾತಾಡಾಕ ಬಂದೀನಿ.”

“ಸಭಾದಾಗ ಬೇಕಾದಷ್ಟು ಮಾತಾಡಾಕತ್ತೀದಿ ಅಲ್ಲ. ಇಲ್ಲೇನ್ ಉಳದದ?”

“ನಿನ್ನ ಹೆಸರು ನಾ ಎಲ್ಲೂ ಎತ್ತಿಲ್ಲೋ.”

“ಎತ್ತೂದೇನ್ ಬೇಕು? ಅರಕೇರಾದಾಗ ಬೆರಳಿಲ್ಲದಾವ ಇನ್ಯಾವ ಅದಾನ? ನಾಳಿ ಯಾರ ರಿಂಗ್ ಕೊಟ್ಟಿದ್ರು ಅಂತ ಕೇಳ್ತಾರ. ನಮ್ಮ ಮಾವನ ಹೆಸರು ಬರತದ. ನನ್ನ ಸಂಸಾರ ನೀ ನಡಸ್ತೀಯೇನು?” ಆಂಜನೇಯ ಎದ್ದು ನಿಂತ. “ಮತ್ತ ಆ ನಿನ್ನ ಕೀಲಿ! ನಾ ಕೀಲಿ ಹಾಕಿ, ತಗಿಯೂದು ಮರತು ಬಂದೆ ಅಂತ ತಿಳ್ಕೊ. ಗುಳೆ ಹೋದ ಮಂದಿ ಅಲ್ಲಿಂದ ಎಷ್ಟ ರಿಂಗ್ ಕೊಟ್ರೂ ಹನಿ ನೀರು ಬರಂಗಿಲ್ಲ. ಯಾಕ ಬರವಲ್ದು ಅಂತ ಅವರಿಗಿ ತಿಳಿಯೂದೂ ಇಲ್ಲ. ಗಿಡ ಒಣಗಿದ್ರ ನಿಮ್ಮ ಸಂಘ ತುಂಬಿ ಕೊಡತದೇನು? ಓದೀದಿ ಅಂತ ಎಲ್ಲಾ ತಿಳದದ ಅನ್ಕೋಬ್ಯಾಡ.”

ಅವಳೂ ಬಾಯಿಗೆ ಬಂದದ್ದು ಅಂದಳು, ಅವನೂ ಅಂದ. ಪಕ್ಕದ ಚಹಾದಂಗಡಿಯವರು ಒಲೆ ಸಣ್ಣ ಮಾಡಿ ಕೇಳಿಸಿಕೊಂಡರು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ತಮ್ಮನ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಯಾಕೆ ನೀರು ಬರುತ್ತಿಲ್ಲ ಎಂದು ದೂರದಲ್ಲಿದ್ದವನಿಗೆ ತಿಳಿಯುವುದಿಲ್ಲ ಎಂದಿದ್ದ. ಅದು ನಿಜ. ಮನೆಗೆ ಬಂದವಳೇ ತನ್ನ ತಕರಾರಿಗೆ ಇನ್ನೊಂದು ಬೇಡಿಕೆ ಸೇರಿಸಿದಳು: ಕೀಲಿ ಹಾಕಿದ್ದಾಗ ಯಾರೇ ರಿಂಗ್ ಕೊಟ್ಟರೂ ‘ಪಂಪಿನ ಬಳಿ ಜನ ಇದ್ದಾರೆ, ಕೀಲಿ ಹಾಕಿದೆ’ ಎಂದು ಪೆಟ್ಟಿಗೆ ಅವರಿಗೆ ಮೆಸೇಜ್ ಕಳಿಸಬೇಕು. ಯಾವ ಕಂಪನಿಯ ಪೆಟ್ಟಿಗೆಯಾದರೂ ಇದೇ ಮಾತು, ಇದೇ ಸಂಕೇತ. ಬುದ್ಧಿ ಕೊಟ್ಟವನು ತಮ್ಮ ಎಂದು ಒಪ್ಪಿಕೊಳ್ಳಲು ಅವಳ ನಾಲಿಗೆ ಹೊರಳಲಿಲ್ಲ.

ಮುಂದಿನ ಸಭೆಯನ್ನು ವಿರೂಪಣ್ಣ ಪೋತ್ನಾಳದಲ್ಲೇ, ತನ್ನ ಮಿಲ್ಲಿನ ಹಾಲ್‌ನಲ್ಲಿ ಇಟ್ಟುಕೊಂಡ. ಹೋಳಿಗೆ ಊಟ. ಊಟವಾದ ಮೇಲೆ ಒಂದು ಸನ್ಮಾನ, ಅದೂ ಯಶೋಧಾಳಿಗೆ! ಹಿಂದುಳಿದ ಊರಿನಿಂದ ಬಂದು ಸಂಘಕ್ಕೆ ಕೀರ್ತಿ ತಂದ ಸಹೋದರಿ ಎಂದು ಮೈಕಿನಲ್ಲಿ ಹೊಗಳಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟ. ಲೆಕ್ಕಾಚಾರ ಎಲ್ಲರಿಗೂ ಗೊತ್ತಿತ್ತು. ಶಾಲು ಹೊದಿಸಿಕೊಂಡವರು ಹೊದಿಸಿದವರ ಮನೆಯಲ್ಲೇ ನಿಂತು ಇಲ್ಲ ಎನ್ನುವುದು ಈ ಸೀಮೆಯಲ್ಲಿ ನಡೆಯದ ಮಾತು. ಯಶೋಧಾ ಹಲ್ಲು ಕಚ್ಚಿಕೊಂಡು ಕೂತಳು. ಆಗ ಅವಳ ಕಣ್ಣಿಗೆ ಬಿದ್ದದ್ದು ಮೊದಲ ಸಾಲಿನಲ್ಲಿ, ಹೊಸ ಅಂಗಿ ತೊಟ್ಟು, ಬಲಗೈಯನ್ನು ಜೇಬಿನಲ್ಲಿ ಅಡಗಿಸಿ ಕೂತಿದ್ದ ಆಂಜನೇಯ.

ವಿರೂಪಣ್ಣ ಮೆಲ್ಲಗೆ ಹೇಳಿದ. “ನಮ್ಮ ಯಶೋಧಾ ಅಕ್ಕೋರಿಗಿ ಒಂದು ಆತಂಕ ಅದ. ಅದಕ್ಕ ಸ್ವತಃ ಪೆಟ್ಟು ತಿಂದಾವರನ್ನ ಕರಸೀನಿ. ಅವರ ಬಾಯಿಲಿಂದನ ಕೇಳ್ರಿ. ಆಂಜನೇಯ, ಹೇಳಪಾ.”

ಆಂಜನೇಯ ನೆಲ ನೋಡುತ್ತ ಹೇಳಿದ. “ತಪ್ಪು ನಂದರಿ. ಗಡಿಬಿಡ್ಯಾಗ ಕೈ ಹಾಕಿದೆ. ಸ್ಟಾರ್ಟರ್‌ದು ಏನೂ ತಪ್ಪಿಲ್ರಿ.”

ಸಭೆ ನಿರಾಳವಾಗಿ ಉಸಿರು ಬಿಟ್ಟಿತು. ಶಂಭುಲಿಂಗಪ್ಪ ಯಶೋಧಾಳ ಕಡೆ ತಿರುಗಿ, ಇನ್ನೇನವ್ವಾ ಎನ್ನುವಂತೆ ಕೈ ತಿರುವಿದರು.

ಯಶೋಧಾ ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು. ತಮ್ಮನನ್ನು ಅವಳಷ್ಟು ಬಲ್ಲವರು ಆ ಹಾಲ್‌ನಲ್ಲಿ ಯಾರೂ ಇರಲಿಲ್ಲ. ಅವನು ಸುಳ್ಳು ಹೇಳಬಲ್ಲ, ಬೈಸಿಕೊಳ್ಳಬಲ್ಲ, ಉಪವಾಸವೂ ಇರಬಲ್ಲ. ಕೆಲಸ ಬರುವುದಿಲ್ಲ ಎಂದರೆ ಮಾತ್ರ ತಡೆಯಲಾರ. ಎಲ್ಲಿ ಹೊಡೆಯಬೇಕೆಂದು ಅವಳಿಗೆ ಗೊತ್ತಿತ್ತು. ಹೊಡೆದಳು.

“ಗಡಿಬಿಡ್ಯಾಗ ಕೈ ಹಾಕಿದಿ. ಅಂದ್ರ ಪಾಲಿನ ಮಂದಿಗಿ ಯಾರಿಗೂ ಹೇಳದ ಹಾಕಿದಿ. ಹೌದಲ್ಲ?”

ಅವನು ಜೇಬಿನೊಳಗಿನ ಕೈಯನ್ನು ಇನ್ನೂ ಒಳಗೆ ತುರುಕಿದ.

“ಹೇಳದ ಕೈ ಹಾಕಾವ ಫಿಟ್ಟರ್ ಅಲ್ಲ. ಅಂಥಾವಗ ಪಾನಾ ಹಿಡಿಯೂ ಯೋಗ್ಯತಿ ಇಲ್ಲ. ನಮ್ಮಪ್ಪ ನಿನಗ ಈ ಕಸಬು ಕಲಿಸಿದ್ದು ದಂಡ ಆತು.”

“ಯಾರಿಗಂತಿ ಬೇ?” ಆಂಜನೇಯ ಎದ್ದು ನಿಂತ ರಭಸಕ್ಕೆ ಕುರ್ಚಿ ಉರುಳಿತು. ಜೇಬಿನ ಕೈ ಹೊರಗೆ ಬಂದಿತ್ತು. “ಒಬ್ಬೊಬ್ಬರಿಗೂ ಫೋನ್ ಹಚ್ಚಿ ಹೇಳೀನಿ! ಕೈ ಹಾಕಾಕತ್ತೀನಿ, ಯಾರೂ ರಿಂಗ್ ಕೊಡಬ್ಯಾಡ್ರಿ ಅಂತ ಹೇಳೀನಿ. ನಮ್ಮ ಮಾವಂದೊಂದ ಫೋನ್ ಹತ್ತಲಿಲ್ಲ. ಅವರು ಬೆಂಗಳೂರಾಗ ಬಿಲ್ಡಿಂಗ್ ಮ್ಯಾಲ ಇದ್ರು. ಅವರು ಸಿಗೂತನ ಕುಂತ್ರ ಮಂದಿ ಹೊಲಾ ಒಣಗಬೇಕೇನು? ಕರೆಂಟೂ ಇರಲಿಲ್ಲ. ಇನ್ನೇನ್ ಮಾಡಬೇಕಿತ್ತು ನಾನು? ಇಷ್ಟ ಮಂದಿ ಎಂಜಿನಿಯರ್ ಕುಂತೀರಿ. ಹೇಳ್ರಿ, ಇನ್ನೇನ್ ಮಾಡಬೇಕಿತ್ತು?”

ವಿರೂಪಣ್ಣನ ಮುಖದ ಬೆಲ್ಲ ಕರಗಿ ಹೋಗಿತ್ತು. ತಾನೇನು ಅಂದೆನೆಂದು ಆಂಜನೇಯನಿಗೆ ಆಮೇಲೆ ಅರಿವಾಯಿತು. ಅಕ್ಕನ ಕಡೆ ಒಮ್ಮೆ ನೋಡಿ, ಊಟದ ತಾಂಬೂಲವನ್ನೂ ಮುಟ್ಟದೆ ಹೊರಗೆ ನಡೆದುಬಿಟ್ಟ. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಿನದೇನೋ ಇತ್ತು. ಯಶೋಧಾ ತಲೆ ತಗ್ಗಿಸಲಿಲ್ಲ. ಗೆಲ್ಲಬೇಕೆಂದೇ ತಮ್ಮನನ್ನು ಸಭೆಯ ನಡುವೆ ಬೆತ್ತಲೆ ನಿಲ್ಲಿಸಿದ್ದಳು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಜೀವಮಾನದಲ್ಲಿ ಮೊದಲ ಬಾರಿಗೆ ಶಂಭುಲಿಂಗಪ್ಪ ಒಬ್ಬರಿಗೆ ಕೆಟ್ಟವರಾದರು. ಆ ಹುಡುಗನ ಪ್ರಶ್ನೆಗೆ ಉತ್ತರವಿಲ್ಲದೆ ಕರಡಿಗೆ ಸಹಿ ಹಾಕುವುದಿಲ್ಲ ಎಂದರು. ಉಳಿದವರು ಕೆಮ್ಮಿದರು, ಗೊಣಗಿದರು, ಕೊನೆಗೆ ಕೈ ಎತ್ತಿದರು. ಕೀಲಿಯೂ ಮೆಸೇಜೂ ಮಾನಕಕ್ಕೆ ಸೇರಿದವು.

ಇದಾದ ಮೇಲೆ ಯಾರಿಗೆ ಏನು ದಕ್ಕಿತು ಎಂದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಆಂಜನೇಯನ ಏಜೆನ್ಸಿ ಹೋಯಿತು. ನಮ್ಮಪ್ಪನ ಮಾನ ಮಿಲ್ಲಿನಲ್ಲಿ ಹರಾಜು ಹಾಕಿದಿ ಎಂದು ಅವನ ಹೆಂಡತಿ ತವರಿಗೆ ಹೋಗಿ ಕೂತಳು, ಬಹಳ ದಿನ ಬರಲಿಲ್ಲ. ರೇಣುಕಮ್ಮ ಮಗಳ ಫೋನು ಎತ್ತುವುದನ್ನೇ ಬಿಟ್ಟಳು. ವಿರೂಪಣ್ಣನಿಗೆ ಮಾತ್ರ ಕೂದಲೂ ಕೊಂಕಲಿಲ್ಲ. ಎಲ್ಲರಿಗಿಂತ ಮೊದಲು ಕೀಲಿ ಇರುವ ಸ್ಟಾರ್ಟರ್ ಮಾಡಿ, ‘ರೈತನ ಕೈ ಕಾಯುವ ಕಂಪನಿ’ ಎಂದು ರಾಯಚೂರಿನ ರಸ್ತೆಗಳಲ್ಲಿ ತನ್ನ ನಗುಮುಖದ ಬ್ಯಾನರ್ ಕಟ್ಟಿಸಿದ. ಸಬ್ಸಿಡಿ ಟೆಂಡರೂ ಅವನಿಗೇ ಆಯಿತು. ಆ ಬ್ಯಾನರಿನ ಕೆಳಗೆ ಸ್ಕೂಟಿ ಓಡಿಸುವಾಗಲೆಲ್ಲ ಯಶೋಧಾ ಹಾರ್ನ್ ಒತ್ತಿ ಹಿಡಿಯುತ್ತಿದ್ದಳು.

ಅರಕೇರಾದ ಪಂಪಿಗೂ ಹೊಸ ಪೆಟ್ಟಿಗೆ ಬಂತು. ತಾಯಿಗೆ ಜ್ವರವೆಂದು ಯಾರೋ ಹೇಳಿ ಯಶೋಧಾ ಊರಿಗೆ ಹೋದಳು. ರೇಣುಕಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮನೆಯಲ್ಲಿ ಕೂರಲಾರದೆ ಯಶೋಧಾ ಕಾಲುವೆ ಕಡೆ ನಡೆದಳು. ಪಂಪಿನ ಬಳಿ ಆಂಜನೇಯ ಬಗ್ಗಿ ಕಪ್ಲಿಂಗಿನ ಮೇಲಿನ ಮುಚ್ಚಳ ಬಿಚ್ಚುತ್ತಿದ್ದ. ಅಕ್ಕನನ್ನು ಕಂಡವನೇ ಶುರು ಮಾಡಿದ.

“ಬಂದ್ಯಾ? ನೋಡು, ಕಣ್ಣು ತುಂಬ ನೋಡು ನಿನ್ನ ಕೀಲಿ. ಪಾಲಿನ ಮಂದಿ ನನಗ ಬೈತಾರ ಇದರ ಸಲುವಾಗಿ. ನನ್ನ ಅನ್ನ ಕಸಗೊಂಡಿ, ನನ್ನ ಮನಿ ಮುರದಿ, ಹೆಸರು ಮಾಡ್ಕೊಂಡಿ. ಇನ್ನೇನ್ ಬೇಕಾಗೇದ ನಿನಗ?”

ಬೈಯುತ್ತಲೇ ಅವನು ಪೆಟ್ಟಿಗೆಯ ಕೀಲಿಯನ್ನು ತಿರುವಿ, ತೆಗೆದು, ಅಂಗಿಯ ಜೇಬಿಗೆ ಹಾಕಿಕೊಂಡ. ಬೈಯುತ್ತಲೇ ಬಗ್ಗಿ, ಮೂರು ಬೆರಳಿನ ಕೈಯನ್ನು ಕಪ್ಲಿಂಗಿನೊಳಗೆ ಇಟ್ಟ. ಯಶೋಧಾ ಏನೋ ಅನ್ನಲು ಬಾಯಿ ತೆರೆದಳು.

ಪೆಟ್ಟಿಗೆಯ ಮೇಲಿನ ದೀಪ ಹೊತ್ತಿತು. ಕರೆಂಟು ಬಂದಿತ್ತು. ಪೆಟ್ಟಿಗೆಯೊಳಗೆ ಟಿಕ್ಕೆಂದಿತು, ಯಾರೋ ರಿಂಗ್ ಕೊಟ್ಟಿದ್ದರು. ಮತ್ತೆ ಟಿಕ್ಕೆಂದಿತು. ಆಂಜನೇಯನ ಬೈಗುಳ ನಡುವೆಯೇ ನಿಂತಿತು. ಕೈ ಇನ್ನೂ ಒಳಗೇ ಇತ್ತು. ಮೋಟಾರು ಅಲುಗಾಡಲಿಲ್ಲ.

ಅವನ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿದ. ಯಂಕೋಬ ಬೆಂಗಳೂರಿನಿಂದ ಕೂಗುತ್ತಿದ್ದದ್ದು ಯಶೋಧಾಳಿಗೂ ಕೇಳಿಸಿತು. “ಪಂಪಿನ ಹತ್ರ ಜನಾ ಅದಾರ ಅಂತ ಮೆಸೇಜ್ ಬಂತಪಾ. ನೀನಾ? ಕೈ ಒಳಗ ಅದ ಏನು? ಮುಗಿಸಿ ಹೇಳು ಯಪ್ಪಾ, ಆಮ್ಯಾಲ ಹಚ್ಚತೀನಿ. ಗಡಿಬಿಡಿ ಮಾಡಬ್ಯಾಡ.”

“ಹೂಂರಿ ಮಾವ,” ಎಂದ ಆಂಜನೇಯ. ಕೈಯನ್ನು ಮೆಲ್ಲಗೆ ಹೊರಗೆ ತೆಗೆದು, ಉಳಿದ ಬೆರಳುಗಳನ್ನು ನೋಡಿಕೊಂಡ. ಅಂಗಿಯ ಜೇಬು ತಡವಿ, ಕೀಲಿಯನ್ನು ಮುಟ್ಟಿ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿ ಹಿಂದೆಂದೂ ಕೂಗದ ಹಾಗೆ ಕೂಗಿದ.

“ಇಷ್ಟ ಇತ್ತೇನು? ಒಂದು ಕೀಲಿ! ಒಂದು ಮೆಸೇಜು! ಇಷ್ಟ ಆಗಿದ್ರ ಇದನ್ನ ಮೊದಲ ಯಾಕ ಹಾಕಲಿಲ್ಲ ಬೇ ನೀವು? ಅಷ್ಟು ಮಂದಿ ಓದಿದಾವರು ಕುಂತು ಅಷ್ಟು ವರ್ಷ ಏನ್ ಮಾಡಾಕತ್ತಿದ್ರಿ?”

ಅವಳ ಉತ್ತರಕ್ಕೆ ಅವನು ಕಾಯಲಿಲ್ಲ. ಕೆಲಸ ಮುಗಿಸಿ, ಕೀಲಿ ತಿರುವಿ, ಮಾವನಿಗೆ ಫೋನ್ ಮಾಡಿ, ಪಾನಾ ಚೀಲಕ್ಕೆ ಹಾಕಿಕೊಂಡು ಅವಳ ಪಕ್ಕದಿಂದಲೇ ಊರ ಕಡೆ ನಡೆದುಹೋದ.